ಒಂದು ಚೌಕಕ್ಕೆ ಒಬ್ಬರು

ಏಳನೆಯ ತರಗತಿ. ಒಂಬತ್ತೇ ಮಕ್ಕಳು.
ಕಿಟಕಿಯಾಚೆ ಕಡಲು, ಕುರಿ, ಮತ್ತೆ ಕಡಲು.
ಫ್ಯಾರೋ ದ್ವೀಪಗಳ ತೆಂಕಣ ತುದಿಯ ಈ ಊರಲ್ಲಿ
ಜನಸಂಖ್ಯೆಯ ಪಾಠ ಮಾಡುವುದು ಸುಲಭ:
ಇನ್ನೂರ ಹನ್ನೊಂದು ತಲೆ.
ದೊಡ್ಡ ದೇಶಗಳಲ್ಲಿ ಒಂದು ಗೆರೆಯೊಳಗೆ
ಹತ್ತು ಲಕ್ಷ ಮಂದಿ ಒತ್ತಿಕೊಂಡು ಮಲಗುತ್ತಾರೆ;
ನಮ್ಮಲ್ಲಿ ಒಂದು ಚೌಕಕ್ಕೆ ಒಬ್ಬರು,
ಅವರ ನಾಯಿಯ ಹೆಸರೂ ನಮಗೆ ಗೊತ್ತು.

ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು.
ಬುಡದಲ್ಲಿ ಹಾಲುಗಲ್ಲದವರು,
ಐದು ವರ್ಷಕ್ಕೊಂದು ಮೆಟ್ಟಿಲು,
ನೆತ್ತಿಯಲ್ಲಿ ತೊಂಬತ್ತಾರರ ಮಾರ್ಯುನ್ ಒಬ್ಬಳೇ
ಬಾವುಟದ ಹಾಗೆ.
ಇಲ್ಲೇ ಹುಟ್ಟಿದವರಿಗೆ ಕಪ್ಪು, ಬಂದವರಿಗೆ ಹಸಿರು.
ನಿಯಮ ನನ್ನದೇ.

"ಇದು ಪಿರಮಿಡ್ಡೇ ಅಲ್ಲ ಟೀಚರ್," ಎಂದ ರೋಕುರ್,
"ಬಲಗಡೆ ಯಾರೋ ಕಚ್ಚಿದ್ದಾರೆ."

ಹೌದು. ಇಪ್ಪತ್ತರಿಂದ ನಲವತ್ತರ ತನಕ
ಹಲ್ಲಿನ ಗುರುತು.
ಓದಲೆಂದು ಡೆನ್ಮಾರ್ಕಿನ ಹಡಗು ಹತ್ತಿದ ಹುಡುಗಿಯರು
ಓದು ಮುಗಿದರೂ ಈ ದಡಕ್ಕೆ ಇಳಿಯಲಿಲ್ಲ.
ಗಂಡಸರು ದೋಣಿಗೆ ಅಂಟಿಕೊಂಡರು,
ಬಲೆ ಬೀಸುವವರೇ ಬಲೆಯೊಳಗೆ.
ನನ್ನ ಓರಗೆಯ ಹನ್ನೊಂದು ಹುಡುಗಿಯರಲ್ಲಿ
ಉಳಿದವಳು ನಾನೊಬ್ಬಳು.
ಯಾಕೆ ಉಳಿದೆ ಎಂದರೆ ಪಠ್ಯದಲ್ಲಿ ಉತ್ತರವಿಲ್ಲ.
ನೂಕುವ ಕಾರಣಗಳಿವೆ, ಸೆಳೆಯುವ ಕಾರಣಗಳಿವೆ,
ಸುಮ್ಮನೆ ನಿಂತದ್ದಕ್ಕೆ ಅಧ್ಯಾಯವಿಲ್ಲ.

ಸುನ್ನುವಾ ಎದ್ದು ಬಂದಳು.
ಕಚ್ಚಿದ ಜಾಗದೊಳಗೆ, ನನ್ನ ಚೌಕದ ಪಕ್ಕಕ್ಕೇ
ಹಸಿರು ಪೆನ್ಸಿಲಿನಿಂದ ಒಂದು ಚೌಕ ತುಂಬಿದಳು.
"ಅಮ್ಮ."

ವಿಲಾಯ್. ಥಾಯ್ಲೆಂಡಿನ ಈಶಾನ್ಯದವಳು.
ಮೀನಿನ ಕಾರ್ಖಾನೆಯಲ್ಲಿ ಅವಳಷ್ಟು ಬೇಗ
ಮುಳ್ಳು ಬಿಡಿಸುವವರಿಲ್ಲ.
ಪಪ್ಪಾಯಿ ಬೆಳೆಯದ ನೆಲದಲ್ಲಿ
ಟರ್ನಿಪ್ಪನ್ನು ಎಳೆ ಎಳೆಯಾಗಿ ತುರಿದು
ಒರಳಲ್ಲಿ ಮೆಣಸಿನಕಾಯಿಯ ಜೊತೆ ಜಜ್ಜುತ್ತಾಳೆ.
ಅವಳ ಭರಣಿಯ ಹುಳಿಮೀನಿನ ವಾಸನೆಯೂ
ನಮ್ಮ ಗಾಳಿಕೊಟ್ಟಿಗೆಯಲ್ಲಿ ತೂಗುವ ಮೀನಿನ ವಾಸನೆಯೂ
ಬೀಗರೆಂದು ಅವಳ ಅತ್ತೆ ನಕ್ಕದ್ದು
ಇಡೀ ಊರಿಗೆ ಗೊತ್ತು.

ಸುನ್ನುವಾ ಪೆನ್ಸಿಲು ಕೆಳಗಿಡಲಿಲ್ಲ.
"ಇಲ್ಲಿ ತುಂಬಿದರೆ ಅಲ್ಲಿ ಅಳಿಸಬೇಕಲ್ಲ?
ಅಜ್ಜಿಯ ಊರಿನ ಶಾಲೆಯಲ್ಲೂ ಯಾರೋ
ಹೀಗೆ ಗೆರೆ ಎಳೆಯುತ್ತಿರಬಹುದು.
ಅಮ್ಮನ ಜಾಗದಲ್ಲಿ ಅವರು ಏನು ಬರೆದಿರುತ್ತಾರೆ?"

ಸೂತ್ರ ನನ್ನಲ್ಲಿತ್ತು:
ಹುಟ್ಟಿದವರಲ್ಲಿ ಸತ್ತವರನ್ನು ಕಳೆ,
ಬಂದವರನ್ನು ಕೂಡು, ಹೋದವರನ್ನು ಕಳೆ.
ಹೋದ ಪುಟ್ಟ, ಬಂದ ಪುಟ್ಟ.
ಸೀಮೆಸುಣ್ಣ ಎತ್ತಿದೆ. ಬರೆಯಲಿಲ್ಲ.
ಆ ಊರಲ್ಲಿ ಬೇಸಿಗೆಯ ಮೂರು ವಾರ ಕಳೆಯುವ ಈ ಹುಡುಗಿ
ಅಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.
"ಅಲ್ಲಿ ನನ್ನನ್ನು ಕಂಡವರೆಲ್ಲ," ಎಂದಳು ಅವಳೇ,
"ಮೊದಲು ಅಮ್ಮನ ಹೆಸರು ಹಿಡಿದು ಕರೆಯುತ್ತಾರೆ.
ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ."

ತರಗತಿ ಸ್ವಲ್ಪ ಹೊತ್ತು ಗಾಳಿಯನ್ನು ಕೇಳಿತು.

ಮೌನ ತಡೆಯದವನು ರೋಕುರ್.
"ಮಾರ್ಯುನಜ್ಜಿಗೂ ಹಸಿರು ಹಚ್ಚಬೇಕು!
ಅವರು ಪಕ್ಕದ ದ್ವೀಪದವರು, ಹುಟ್ಟುದೋಣಿಯಲ್ಲಿ ಬಂದವರು.
ಎಪ್ಪತ್ತೇಳು ವರ್ಷವಾದರೂ ಅವರ ಮಾತಿನ ರಾಗಕ್ಕೆ
ನಮ್ಮಜ್ಜ ನಗುತ್ತಾನೆ."
ಬಾವುಟದ ಬಣ್ಣ ಬದಲಾಯಿತು.
"ಅಲ್ಲದೆ ಟೀಚರ್, ಊರಲ್ಲಿ ಹೆರಿಗೆ ಆಸ್ಪತ್ರೆಯೇ ಇಲ್ಲ.
ನಾವು ಒಂಬತ್ತೂ ಜನ ಹುಟ್ಟಿದ್ದು ಪೇಟೆಯಲ್ಲಿ,
ಕಂಬಳಿಯಲ್ಲಿ ಸುತ್ತಿ ಹಡಗಲ್ಲಿ ತಂದದ್ದು.
ನಾವೂ ಬಂದವರೇ!"
"ಹಾಗಾದರೆ ಕುರಿಗಳೂ," ಎಂದಿತು ಹಿಂದಿನ ಬೆಂಚು.

ಹಸಿರು ಪೆನ್ಸಿಲು ಇದ್ದದ್ದು ಒಂದೇ.
ಕೈಯಿಂದ ಕೈಗೆ ಹೋಯಿತು, ಜಗಳವಾಯಿತು,
ಎರಡು ಸಲ ಮುರಿಯಿತು, ಗಂಟೆ ಹೊಡೆಯುವಾಗ
ಹೆಬ್ಬೆರಳುದ್ದ ಉಳಿದಿತ್ತು.
ಬುಡದಿಂದ ಹುಲ್ಲು ಏರಿದ ಹಾಗೆ
ಇಡೀ ಊರು ಹಸಿರಾಗುತ್ತಿತ್ತು.

ಅವರು ಹೋದ ಮೇಲೆ ನೋಡಿದೆ:
ವಿಲಾಯ್ ಪಕ್ಕದಲ್ಲಿ ನನ್ನ ಚೌಕ
ಇನ್ನೂ ಕಪ್ಪಗೆ ಕೂತಿದೆ.
ಯಾರೂ ಮುಟ್ಟಿಲ್ಲ. ಮಕ್ಕಳು ಲೆಕ್ಕದಲ್ಲಿ ನಿಯತ್ತಿನವರು.
ನಾನು ಹುಟ್ಟಿದ್ದು ಇಲ್ಲೇ, ಅಡುಗೆಮನೆಯ ನೆಲದ ಮೇಲೆ,
ಅವ್ವ ಪೇಟೆಗೆ ಹೊರಟು ನಿಂತಿದ್ದ ಬೆಳಗ್ಗೆ,
ಬಿರುಗಾಳಿಗೆ
ಹಡಗು ಬಾರದ ದಿನ.